ಬೈಗುಳ ಮತ್ತು ಕಾಗದದ ಕಪ್ಪು
(ಒಬ್ಬ ವಕೀಲನ ದಿನಚರಿಯ ಪುಟಗಳು)

12 ಅಕ್ಟೋಬರ್ 2024, ಶನಿವಾರ. ಊರು, ಲಿಂಗಸುಗೂರು ತಾಲ್ಲೂಕು

ವಿಜಯದಶಮಿ. ಸಂಜೆ ಬನ್ನಿಗಿಡ ಪೂಜಿಸಿ ಬಂದು ಮನೆ ಮುಂದಿನ ಕಟ್ಟೆಯ ಮೇಲೆ ಕೂತೆ. "ಬನ್ನಿ ತಗೊಂಡು ಬಂಗಾರದಂಗ ಇರೂಣು" ಎನ್ನುತ್ತ ಊರವರು ಒಬ್ಬೊಬ್ಬರೇ ಬಂದರು. ಸಣ್ಣವರು ದೊಡ್ಡವರ ಕಾಲು ಮುಟ್ಟಬೇಕು, ಸರೀಕರು ಅಪ್ಪಿಕೊಳ್ಳಬೇಕು. ಬದುವಿನ ಜಗಳದಲ್ಲಿ ವರ್ಷವಿಡೀ ಮಾತು ಬಿಟ್ಟಿದ್ದ ಪಕ್ಕದ ಹೊಲದವರೂ ಬಂದರು. ಹೋಳಿಹಬ್ಬದ ಹೊತ್ತಿಗೆ ನನಗೆ "ಕಳ್ಳ ವಕೀಲ" ಅಂದಿದ್ದರು. ಇವತ್ತು ಎಲೆ ಕೈಗಿಟ್ಟು ನಕ್ಕರು. ಅಲ್ಲಿಗೆ ಅದು ಮುಗಿಯಿತು.

ಕತ್ತಲಾದ ಮೇಲೆ ನಮ್ಮ ಹಳೆಯ ಸಂಬಳದಾಳು ಬಂದ. ಮೂವತ್ತು ವರ್ಷ ನಮ್ಮ ಮನೆಯಲ್ಲಿ ದುಡಿದವನು. ಎಪ್ಪತ್ತೈದು ದಾಟಿರಬೇಕು. ಎಲ್ಲರೂ ಹೋಗುವ ತನಕ ಬೇವಿನಮರದ ಹತ್ತಿರ ನಿಂತಿದ್ದು, ಆಮೇಲೆ ಬಂದು ಬನ್ನಿಯ ನಾಲ್ಕು ಎಲೆಯನ್ನು ಕಟ್ಟೆಯ ಅಂಚಿಗೆ ಇಟ್ಟ. ಕೈಗೆ ಕೊಡಲಿಲ್ಲ. "ಬಂಗಾರದಂಗ ಇರ್ರಿ ಸಣ್ಣ ದಣೇರ" ಅಂದು, ಬಾಗಿ ನೆಲ ಮುಟ್ಟಿದ. ನಾನು ಐವತ್ತೆರಡರವನು. ಅವ್ವ ಒಳಗಿನಿಂದ ಹೋಳಿಗೆ ತಂದು ಅವನ ಟವೆಲಿಗೆ ಹಾಕಿದಳು, ಮೊಮ್ಮಗಳ ಆರೋಗ್ಯ ಕೇಳಿದಳು, ನೂರು ರೂಪಾಯಿ ಕೊಟ್ಟಳು. ಅವ್ವ ಜೀವಮಾನದಲ್ಲಿ ಅವನಿಗೆ ಒಂದು ಕೆಟ್ಟ ಮಾತು ಆಡಿದವಳಲ್ಲ.

ಎಲೆ ಕಟ್ಟೆಯ ಮೇಲೆಯೇ ಇತ್ತು. ನಾನು ಎತ್ತಿಕೊಂಡೆ. ಪ್ರತಿ ವರ್ಷ ಹೀಗೇ ಎತ್ತಿಕೊಂಡಿದ್ದೇನೆ. ಇವತ್ತು ಯಾಕೋ ಬರೆದಿಡಬೇಕು ಅನ್ನಿಸಿತು.

14 ಅಕ್ಟೋಬರ್, ಸೋಮವಾರ. ಸಿಂಧನೂರು

ಆಫೀಸಿನ ಬಾಗಿಲು ತೆಗೆಯುವ ಮೊದಲೇ ಮೆಟ್ಟಿಲ ಮೇಲೆ ಒಬ್ಬ ಹುಡುಗ ಕೂತಿದ್ದ. ಇಪ್ಪತ್ತಾರು ವರ್ಷ, ಐಟಿಐ ಮುಗಿಸಿದ್ದಾನೆ. ಸಾಲ ಮಾಡಿ ಎಣ್ಣಿ ಹೊಡೆಯುವ ಎರಡು ಮಷಿನ್ ಕೊಂಡು ಬಾಡಿಗೆಗೆ ಕೊಡುತ್ತಾನೆ. ಕೀಟನಾಶಕಕ್ಕೆ ನಮ್ಮ ಕಡೆ ಎಣ್ಣಿ ಎಂದೇ ಹೆಸರು. ಎಡದಂಡೆ ಕಾಲುವೆಯ ಸೀಮೆಯಲ್ಲಿ ಭತ್ತಕ್ಕೆ ಎಣ್ಣಿ ಬಿದ್ದಷ್ಟು ನೀರೂ ಬೀಳುವುದಿಲ್ಲ ಅಂತ ನಾವೇ ಚಾಷ್ಟಿ ಮಾಡುತ್ತೇವೆ.

ವಿಷಯ 1,800 ರೂಪಾಯಿ ಬಾಡಿಗೆ ಬಾಕಿಯದು. ಮೊನ್ನೆ ಊರ ಹೋಟೆಲಿನ ಮುಂದೆ ಹೊಲದ ಯಜಮಾನರನ್ನು ಕೇಳಿದ್ದಾನೆ. ಅವರು ಸಿಟ್ಟಿಗೆದ್ದರು, ಇವನ ತಾಯಿಯಿಂದ ಹಿಡಿದು ಮಷಿನಿನ ತನಕ ಎಲ್ಲರನ್ನೂ ಬೈದರು. ಕೊನೆಗೆ, "ಎಷ್ಟು ಓದಿದ್ರೂ ಜಾತಿ ಬುದ್ಧಿ ಬಿಡಂಗಿಲ್ಲ ನೀವು" ಅಂದರು. ಜಾತಿಯ ಹೆಸರನ್ನೂ ಸೇರಿಸಿದರು. ಅದನ್ನು ಇಲ್ಲಿ ಬರೆಯುವುದಿಲ್ಲ. ದೂರಿನಲ್ಲಿ ಬರೆಯಲೇಬೇಕು.

ವಕೀಲನ ಕೆಲಸವೇ ಕೆಟ್ಟದ್ದು. "ಏನಂದ್ರು? ಬರೋಬ್ಬರಿ ಹೇಳು. ಯಾವ ಮಾತು ಮೊದಲು? ಯಾರ್ಯಾರು ಕೇಳಿದ್ರು?" ಮೂರು ಸಲ ಕೇಳಿದೆ. ಮೂರು ಸಲವೂ ಹುಡುಗ ನನ್ನ ಮುಂದೆ ತನ್ನನ್ನು ತಾನೇ ಬೈದುಕೊಂಡ. ಟೈಪು ಮಾಡುತ್ತಿದ್ದ ಹುಡುಗಿ ಕೈ ನಿಲ್ಲಿಸಿ ಕೇಳಿದಳು: "ಸರ, ಈ ಶಬ್ದ ಹಂಗ ಹಾಕ್ಲ್ಯಾ?" ಹಾಕು ಅಂದೆ.

"ತಾಯಿ ಮ್ಯಾಲೆ ಬೈದದ್ದಕ್ಕ ಬಂದಿಲ್ರಿ ಸರ" ಅಂದ. "ಅಂಥ ಬೈಗಳ ನಾನೂ ಬೈದೀನಿ. ಸುಳ್ಳ್ಯಾಕ ಹೇಳ್ಲಿ."

ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು ಇನ್ನೊಂದು ಹೇಳಿದ. ಜಗಳ ಆದ ಮರುದಿನ ಅದೇ ಹೋಟೆಲಿಗೆ ಹೋಗಿ ಒಗ್ಗರಣಿ, ಮಿರ್ಚಿ ತಿಂದು ಚಹಾ ಕೇಳಿದನಂತೆ. ಪಕ್ಕದವರಿಗೆಲ್ಲ ಗಾಜಿನ ಗಲಾಸು, ಇವನಿಗೆ ಕಾಗದದ ಕಪ್ಪು. ಹೊಸದೇನಲ್ಲ, ಮೊದಲಿನಿಂದಲೂ ಹಾಗೇ. ಹೋಟೆಲಿನವರು ಬಹಳ ನಯವಾಗಿ, "ನಿಮಗ ಇದ ಛಲೋ ತಮ್ಮಾ, ಸ್ವಚ್ಛ ಇರತೈತಿ" ಅಂದರಂತೆ.

"ಅವರು ಬೈದಾಗ ನನಗ ಸಿಟ್ಟು ಬಂತ್ರಿ. ಇವರು ಕಪ್ಪು ಕೊಟ್ಟಾಗ ನಾಚಿಕಿ ಬಂತು."

15 ಅಕ್ಟೋಬರ್, ಮಂಗಳವಾರ

ರಾತ್ರಿ ಪುಸ್ತಕ ತೆರೆದು ಕೂತೆ. ದೌರ್ಜನ್ಯ ತಡೆ ಕಾಯ್ದೆ, 1989. ಕಲಂ 3(1)(ಆರ್): ಪರಿಶಿಷ್ಟ ಜಾತಿ ಅಥವಾ ಪಂಗಡದವರನ್ನು ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ ಅವಮಾನಿಸುವ ಉದ್ದೇಶದಿಂದ ಹೀಯಾಳಿಸುವುದು. 3(1)(ಎಸ್): ಅಂಥ ಜಾಗದಲ್ಲಿ ಜಾತಿ ಹೆಸರು ಹಿಡಿದು ಬೈಯುವುದು. ಆರು ತಿಂಗಳಿಂದ ಐದು ವರ್ಷದವರೆಗೆ ಶಿಕ್ಷೆ. ಇನ್ನೊಂದು ಕಡೆ ಈ ಜುಲೈನಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 352, ಹಳೆಯ 504. ಶಾಂತಿ ಕೆಡಲಿ ಎಂದು ಬೇಕಂತಲೇ ಅವಮಾನಿಸುವುದು. ಅದು ಯಾರು ಯಾರಿಗೆ ಬೈದರೂ ಅನ್ವಯಿಸುತ್ತದೆ, ಜಾತಿ ಕೇಳುವುದಿಲ್ಲ.

ಎರಡರ ನಡುವಿನ ಗೆರೆಯ ಮೇಲೆ ಸುಪ್ರೀಂ ಕೋರ್ಟು ಮತ್ತೆ ಮತ್ತೆ ಮಾತಾಡಿದೆ. 2020ರ ನವೆಂಬರ್ 5ರಂದು ಹಿತೇಶ್ ವರ್ಮಾ ಪ್ರಕರಣದಲ್ಲಿ ಹೇಳಿದ್ದು: ಬೈಸಿಕೊಂಡವರು ಪರಿಶಿಷ್ಟರು ಎಂಬುದಷ್ಟೇ ಸಾಲದು, ಪರಿಶಿಷ್ಟರಾದ ಕಾರಣಕ್ಕೆ ಬೈದಿರಬೇಕು. ನಾಲ್ಕು ಗೋಡೆಯ ಒಳಗೆ, ಹೊರಗಿನವರು ಯಾರೂ ಇಲ್ಲದಾಗ ಬೈದದ್ದು ಈ ಕಲಮಿನೊಳಗೆ ಬರುವುದಿಲ್ಲ. ಮೂಲದಲ್ಲಿ ಅದು ಜಮೀನಿನ ವ್ಯಾಜ್ಯ. ಈ ಆಗಸ್ಟ್‌ 23ರಂದು ಕೇರಳದ ಶಾಜನ್ ಸ್ಕಾರಿಯಾ ಪ್ರಕರಣದಲ್ಲೂ ಅದನ್ನೇ ಬಿಡಿಸಿ ಹೇಳಿದೆ. ಎಲ್ಲ ಅವಮಾನವೂ ಜಾತಿಯ ಅವಮಾನವಲ್ಲ.

ಸರಿಯೇ. ಆದರೆ ಈ ಮಾತು ಬಾರ್ ರೂಮಿಗೆ ಬಂದಾಗ ಬೇರೆಯೇ ರೂಪ ತಾಳುತ್ತದೆ: "ಎಲ್ಲಾ ಸುಳ್ಳ ಕೇಸ್ ಬಿಡ್ರಿ, ಸುಮ್ನ ಬೈದದ್ದನ್ನ ಅಟ್ರಾಸಿಟಿ ಮಾಡ್ತಾರ." ಹಾಗೆ ಅನ್ನುವವರಲ್ಲಿ ಒಬ್ಬರಿಗೂ ಯಾರೂ ಜಾತಿ ಹಿಡಿದು ಬೈದಿಲ್ಲ.

ಹುಡುಗನ ದೂರನ್ನು ಮತ್ತೆ ಓದಿ ಮಾತುಗಳನ್ನು ಎಣಿಸಿದೆ. ಹದಿನೇಳು ಬೈಗುಳ. ಅದರಲ್ಲಿ ಹದಿನೈದು ನಮ್ಮೂರಲ್ಲಿ ಯಾರಿಗೆ ಬೇಕಾದರೂ ಬೈಯುವಂಥವು. ಅಣ್ಣ ತಮ್ಮನಿಗೆ, ಅಪ್ಪ ಮಗನಿಗೆ, ರೈತ ಎತ್ತಿಗೆ. ಉಳಿದ ಎರಡನ್ನು ಮಾತ್ರ ಬೇರೆಯವರಿಗೆ ಬೈಯಲು ಆಗುವುದೇ ಇಲ್ಲ. ಬೈದರೂ ಅರ್ಥವಾಗುವುದಿಲ್ಲ. ಕೇಸು ಆ ಎರಡರಲ್ಲಿದೆ.

ಕಾಗದದ ಕಪ್ಪಿಗೂ ಕಾನೂನು ಇದೆ. 1955ರ ಅಸ್ಪೃಶ್ಯತೆ ಅಪರಾಧಗಳ ಕಾಯ್ದೆ, 1976ರಿಂದ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ. ಹೋಟೆಲಿನ ಪಾತ್ರೆಪಗಡ ಬಳಸಲು ಬಿಡದಿರುವುದನ್ನು ಅದು ಹೆಸರಿಸಿಯೇ ಹೇಳುತ್ತದೆ. 2016ರ ಜನವರಿ 26ರಿಂದ ದೌರ್ಜನ್ಯ ಕಾಯ್ದೆಯಲ್ಲೂ ಅದು ಸೇರಿದೆ. ಆದರೆ ಹೋಟೆಲಿನವರು ಬಿಡಲಿಲ್ಲ ಎಂದು ಸಾಬೀತು ಮಾಡುವುದು ಹೇಗೆ? "ಗಲಾಸು ಬೇಕು ಅಂತ ಅವನೆಲ್ಲಿ ಕೇಳಿದ?" ಅನ್ನುತ್ತಾರೆ. ಬೈಗುಳಕ್ಕೆ ಹತ್ತು ಜನ ಸಾಕ್ಷಿ. ನಯವಾಗಿ ಆಡಿದ ಮಾತಿಗೆ ಸಾಕ್ಷಿ ಯಾರು?

17 ಅಕ್ಟೋಬರ್, ಗುರುವಾರ. ಮಸ್ಕಿ

ವಾಲ್ಮೀಕಿ ಜಯಂತಿ, ಕೋರ್ಟಿಗೆ ರಜೆ. ಆಸ್ತಿ ಪಾಲಿನ ಕಾಗದ ತರಲು ಮಸ್ಕಿಗೆ ಬಸ್ಸು ಹತ್ತಿದೆ. ಕಂಡಕ್ಟರ್ ಹತ್ತಿಸಿಕೊಂಡಲ್ಲಿಂದ ಇಳಿಸುವ ತನಕ ಬೈದ. "ಏಯ್ ಒಳಗ ಸರೀರಿ, ಅಕ್ಕಿಕಾಳ ಹಾಕಾಕ ನಿಂತಂಗ ನಿಂತೀರಲ್ಲ! ಯವ್ವಾ, ಚೀಲ ತೆಗಿ, ನಿಮ್ಮಪ್ಪನ ಮನಿ ಅಟ್ಟ ಏನದು?" ನನಗೂ ಬಿತ್ತು: "ಚಿಲ್ರ ಇಲ್ದ ಬರ್ತಾವ ನೋಡು, ಕೋಟು ಬ್ಯಾರೆ." ಇಡೀ ಬಸ್ಸು ನಕ್ಕಿತು. ಹಿಂದಿನ ಸೀಟಿನ ಮುದುಕಿಯೊಬ್ಬಳು ವಾಪಸು ಕೊಟ್ಟಳು: "ನಿನ್ನ ಬಾಯಾಗ ಮಣ್ಣು ಹಾಕ್ಲಿ, ಟಿಕೀಟು ಕೊಡು." ಅವನೂ ನಕ್ಕ. ಆಕೆ ಯಾವ ಕೇರಿಯವಳೋ ಅವನಿಗೆ ಗೊತ್ತಿಲ್ಲ, ಗೊತ್ತಿದ್ದರೂ ಅದೇ ಬೈಗುಳ ಬೀಳುತ್ತಿತ್ತು.

ಬೆಂಗಳೂರಿನಿಂದ ಬಂದ ಅಧಿಕಾರಿಗಳಿಗೆ ನಮ್ಮ "ಲೇ" ಕೇಳಿದರೆ ಮೈ ಉರಿಯುತ್ತದೆ. ರಾಯಚೂರಿನವರು ಒರಟರು ಅಂತ ಬರೆದುಕೊಂಡು ಹೋಗುತ್ತಾರೆ. ಒರಟರೇ. ಆದರೆ ಎರಡು "ಲೇ" ಇವೆ. ಒಂದು ಹೋಗಿ ಬರುತ್ತದೆ, ನಾನು ಗೆಳೆಯನಿಗೆ ಅಂದರೆ ಅವನು ನನಗೆ ಅನ್ನುತ್ತಾನೆ. ಇನ್ನೊಂದು ಹೋಗುತ್ತದೆ, ಬರುವುದಿಲ್ಲ. ಹತ್ತು ವರ್ಷದ ಹುಡುಗ ಎಪ್ಪತ್ತರ ಮುದುಕನಿಗೆ ಅನ್ನಬಹುದು, ಮುದುಕ ತಿರುಗಿ ಅಂದರೆ ಊರು ಸೇರುತ್ತದೆ.

ಕೆಲಸ ಮುಗಿಸಿ ಅಶೋಕನ ಶಾಸನದ ಬಂಡೆಗೆ ಹೋದೆ. 1915ರಲ್ಲಿ ನಿಜಾಮರ ಸೀಮೆಯಲ್ಲಿ ಬಂಗಾರ ಹುಡುಕುತ್ತಿದ್ದ ಬೀಡನ್ ಎಂಬ ಇಂಜಿನಿಯರ್ ಕಂಡದ್ದು. ದೇವಾನಾಂಪ್ರಿಯ ಎಂದರೆ ಅಶೋಕನೇ ಎಂದು ಹೆಸರು ಸಹಿತ ಮೊದಲು ಸಿಕ್ಕಿದ್ದು ಇಲ್ಲಿ. ಶಾಲೆಯಲ್ಲಿ ಅದನ್ನಷ್ಟೇ ಕಲಿಸಿದರು, ಅಂಕಕ್ಕೆ ಅದು ಸಾಕಿತ್ತು. ಬ್ರಾಹ್ಮಿ ಲಿಪಿಯ ಆ ನಾಲ್ಕೆಂಟು ಸಾಲು ಏನು ಹೇಳುತ್ತವೆ ಎಂದು ಯಾರೂ ಕೇಳಲಿಲ್ಲ. ಅಲ್ಲಿ ಎರಡು ಪ್ರಾಕೃತ ಪದಗಳಿವೆ: ಖುದಕ, ಉದಾಲಕ. ಸಣ್ಣವನು, ದೊಡ್ಡವನು. ದೊಡ್ಡವರಿಗೆ ಮಾತ್ರ ಧರ್ಮದ ಫಲ ಸಿಗುತ್ತದೆ ಎಂದು ತಿಳಿಯಬಾರದು, ಧರ್ಮದಲ್ಲಿ ನಡೆದರೆ ಸಣ್ಣವನಿಗೂ ಸಿಗುತ್ತದೆ, ಇದನ್ನು ಇಬ್ಬರಿಗೂ ಹೇಳಬೇಕು ಎಂಬುದು ಅದರ ತಾತ್ಪರ್ಯ. ಎರಡು ಸಾವಿರ ವರ್ಷಕ್ಕೂ ಹಿಂದೆ ಈ ಗುಡ್ಡದ ಜನಕ್ಕೆ ಇದನ್ನು ಕಲ್ಲಿನಲ್ಲಿ ಕೆತ್ತಿ ಹೇಳಬೇಕಾಗಿ ಬಂತು ಅಂದರೆ, ಆಗಲೂ ಯಾರೋ ಹಾಗೆ ತಿಳಿದಿದ್ದರು ಅಂತಲೇ ಅರ್ಥ.

20 ಅಕ್ಟೋಬರ್, ಭಾನುವಾರ. ಸಿಂಧನೂರು

ಆರ್.ಎಚ್. ಕ್ಯಾಂಪಿನಿಂದ ಒಬ್ಬ ಕಕ್ಷಿದಾರರು ಬಂದಿದ್ದರು. ದುರ್ಗಾಪೂಜೆಯ ಸಂದೇಶ್ ತಂದಿದ್ದರು. ಪೂರ್ವ ಪಾಕಿಸ್ತಾನ ಬಿಟ್ಟು ಬಂದ ಬಂಗಾಳಿ ಕುಟುಂಬಗಳನ್ನು ಸರ್ಕಾರ 1970ರ ದಶಕದ ಮೊದಲಿಗೆ ಇಲ್ಲಿ ತಂದು ನೆಲೆಗೊಳಿಸಿತು. ಇವರು ಹುಟ್ಟಿದ್ದೇ ಕ್ಯಾಂಪಿನಲ್ಲಿ. ನನಗಿಂತ ಚಂದದ ಸಿಂಧನೂರು ಕನ್ನಡ ಮಾತಾಡುತ್ತಾರೆ.

ಪೇಟೆಯಲ್ಲಿ ಇವರ ಮೀನಿನ ಅಂಗಡಿಗೆ ಬರುವವರು "ಏ ಬಾಂಗ್ಲಾ, ಕಟ್ಲಾ ಹೆಂಗ ಕೊಟ್ಟಿ?" ಎಂದೇ ಮಾತು ಶುರು ಮಾಡುವುದು. ಬೇಸರ ಆಗೋದಿಲ್ಲವೇ ಅಂದೆ. "ಆಂಧ್ರದಿಂದ ಬಂದ ರೈತರಿಗೆ ಏ ರೆಡ್ಡಿ ಅಂತಾರ, ಕುಂಟ ಇದ್ರ ಏ ಕುಂಟ ಅಂತಾರ. ಈ ಊರ ಬಾಯಿನ ಹಂಗ ಸರ. ನಾನೂ ಅವರಿಗಿ ಹೆಸರಿಟ್ಟೀನಿ." ನಕ್ಕರು. ಆಮೇಲೆ ನಗು ನಿಂತಿತು. ಮಗ ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುವಾಗ ಮನೆಯೊಡತಿ ಹೆಸರು ಕೇಳಿ, ಭಾಷೆ ಕೇಳಿ, ಬಹಳ ಮರ್ಯಾದೆಯಿಂದ, "ಮನೆ ಕೊಟ್ಟಾಗಿದೆ, ಸಾರಿ" ಅಂದರಂತೆ. ಫಲಕ ಇನ್ನೂ ತೂಗುತ್ತಿತ್ತು. ಒಂದು ಸಲ ಅಲ್ಲ, ಆರು ಮನೆ. "ಏ ಬಾಂಗ್ಲಾ ಅಂತ ಅಲ್ಲಿ ಯಾರೂ ಅಂದಿಲ್ಲ ಸರ. ಅಂದಿದ್ರ ಜಗಳನಾರ ಆಡಬಹುದಿತ್ತು."

ಇವರು ನಾಮಶೂದ್ರರು. ಪಶ್ಚಿಮ ಬಂಗಾಳದ ಪಟ್ಟಿಯಲ್ಲಿ ಪರಿಶಿಷ್ಟ ಜಾತಿ, ಕರ್ನಾಟಕದ ಪಟ್ಟಿಯಲ್ಲಿ ಹೆಸರಿಲ್ಲ. ಸೇರಿಸಿ ಅಂತ ಕ್ಯಾಂಪಿನವರು ಕೇಳುತ್ತಲೇ ಬಂದಿದ್ದಾರೆ. ಹೀಗಾಗಿ ದೌರ್ಜನ್ಯ ಕಾಯ್ದೆ ಇವರನ್ನು ಕಾಯುವುದಿಲ್ಲ. ಜನಾಂಗ, ಬಣ್ಣ, ಮುಖಲಕ್ಷಣ ನೋಡಿ ಹೀಯಾಳಿಸುವುದಕ್ಕೆ ನಮ್ಮಲ್ಲಿ ಬೇರೆಯೇ ಅಪರಾಧ ಎಂಬುದು ಇನ್ನೂ ಇಲ್ಲ. 2014ರ ಜನವರಿಯಲ್ಲಿ ದೆಹಲಿಯ ಪೇಟೆಯಲ್ಲಿ ಅರುಣಾಚಲದ ವಿದ್ಯಾರ್ಥಿ ನಿಡೊ ತಾನಿಯಾ ಹೊಡೆತಕ್ಕೆ ಸತ್ತ ಮೇಲೆ ಬೇಜ್‌ಬರುವಾ ಸಮಿತಿ ಕೂತಿತು. ದಂಡ ಸಂಹಿತೆಗೆ ಎರಡು ಹೊಸ ಕಲಂ ಸೇರಿಸಬೇಕೆಂದು ಅದೇ ವರ್ಷ ಶಿಫಾರಸು ಮಾಡಿತು. ದಂಡ ಸಂಹಿತೆಯೇ ಹೋಗಿ ನ್ಯಾಯ ಸಂಹಿತೆ ಬಂತು, ಆ ಕಲಮುಗಳು ಬರಲಿಲ್ಲ. ಆ ವಿದ್ಯಾರ್ಥಿಯ ವಿಷಯದಲ್ಲೂ ಮೊದಲು ಬಂದದ್ದು ಅವನ ಕೂದಲಿನ ಮೇಲಿನ ಒಂದು ಹಾಸ್ಯ.

22 ಅಕ್ಟೋಬರ್, ಮಂಗಳವಾರ

ಹುಡುಗನ ಊರಿಗೆ ಹೋಗಿ ಬಂದೆ. ಸಾಕ್ಷಿ ಹೇಳುವವರು ಯಾರು ಎಂದು ನೋಡಬೇಕಿತ್ತು.

ಊರಿನ ಮಾತು ಒಂದೇ: "ಅವರ ಬಾಯಿನ ಹರಕ ಬಿಡ್ರಿ. ಎಲ್ಲಾರಿಗೂ ಬೈತಾರ." ಸುಳ್ಳಲ್ಲ. ನಾನು ನಿಂತಿದ್ದಾಗಲೇ ಆ ಯಜಮಾನರು ಸ್ವಂತ ತಮ್ಮನಿಗೆ ನೀರು ಬಿಡುವ ವಿಷಯಕ್ಕೆ ಅದೇ ಹದಿನೈದು ಬೈಗುಳ ಒಪ್ಪಿಸಿದರು. ಸ್ವಲ್ಪ ಹೊತ್ತಿಗೆ ಇಬ್ಬರೂ ಒಂದೇ ಪ್ಲೇಟಿನಲ್ಲಿ ಮಿರ್ಚಿ ತಿಂದರು. ನನಗೂ ಒಂದು ಕೊಡಿಸಿದರು.

"ನೋಡ್ರಿ ವಕೀಲ್ರ, ಸಿಟ್ಟಿನಾಗ ಅಂದದ್ದು. ಆ ಹುಡುಗನ ಅಪ್ಪನ ಮದಿವಿಗೆ ನಮ್ಮಪ್ಪ ಜೋಳ ಕೊಟ್ಟಾನ. ನನ್ನ ಮನಸ್ಸಿನಾಗ ಏನೂ ಇಲ್ಲ" ಅಂದರು. ನಂಬಿದೆ. ಅವರ ಮನಸ್ಸಿನಲ್ಲಿ ನಿಜಕ್ಕೂ ಏನೂ ಇಲ್ಲ. ಅದಕ್ಕೇ ಆ ಎರಡು ಮಾತು ಅಷ್ಟು ಸಲೀಸಾಗಿ ಬಂದವು. ತಮ್ಮನ ಮೇಲೆ ಸಿಟ್ಟು ಬಂದಾಗ ತಮ್ಮನಷ್ಟೇ ಕಾಣುತ್ತಾನೆ. ಹುಡುಗನ ಮೇಲೆ ಸಿಟ್ಟು ಬಂದಾಗ ಹುಡುಗ ಕಾಣುವುದಿಲ್ಲ, ಇಡೀ ಕೇರಿ ಕಾಣುತ್ತದೆ. "ನೀನು" ಎಂದು ಶುರುವಾದ ಬೈಗುಳ "ನೀವು" ಎಂದು ಮುಗಿಯಿತಲ್ಲ, ಬಹುವಚನ ಅಷ್ಟು ಕೆಟ್ಟದ್ದಾಗಿ ಕೇಳಿಸಿದ್ದು ನನಗೆ ಅದೇ ಮೊದಲು.

ನನಗೆ ಹೋಟೆಲಿನವರು ಗಾಜಿನ ಗಲಾಸಿನಲ್ಲಿ ಚಹಾ ಕೊಟ್ಟರು. ಜಾತಿ ಕೇಳಲಿಲ್ಲ. ಕೋಟು ನೋಡಿದರೋ, ಅಡ್ಡಹೆಸರು ಮೊದಲೇ ತಿಳಿದಿತ್ತೋ. ಗಲಾಸಿನ ಅಂಚು ಒಡೆದಿತ್ತು, ಸರಿಯಾಗಿ ತೊಳೆದಿರಲಿಲ್ಲ. ಕಾಗದದ ಕಪ್ಪೇ ಸ್ವಚ್ಛ, ಆ ಮಾತು ನಿಜ.

25 ಅಕ್ಟೋಬರ್, ಶುಕ್ರವಾರ

ನಿನ್ನೆ ಕೊಪ್ಪಳದ ಜಿಲ್ಲಾ ನ್ಯಾಯಾಲಯ ಮರಕುಂಬಿ ಪ್ರಕರಣದಲ್ಲಿ ಶಿಕ್ಷೆ ಪ್ರಕಟಿಸಿತು. 101 ಮಂದಿ ಅಪರಾಧಿಗಳು, 98 ಜನರಿಗೆ ಜೀವಾವಧಿ, 3 ಜನರಿಗೆ ಐದು ವರ್ಷ. ಆ ಮೂವರು ಸ್ವತಃ ಪರಿಶಿಷ್ಟರು, ಹಾಗಾಗಿ ದೌರ್ಜನ್ಯ ಕಾಯ್ದೆ ಅವರಿಗೆ ತಾಗಲಿಲ್ಲ. ಬಾರ್ ರೂಮಿನಲ್ಲಿ ಇವತ್ತು ಬೇರೆ ಮಾತೇ ಇಲ್ಲ.

ಮರಕುಂಬಿ ಗಂಗಾವತಿ ತಾಲ್ಲೂಕು, ನಮಗೆ ನೆರೆಯೇ. 2014ರ ಆಗಸ್ಟ್ 28. ಕಿಡಿ ಹೊತ್ತಿದ್ದು ಗಂಗಾವತಿಯ ಟಾಕೀಸಿನಲ್ಲಿ ಸಿನಿಮಾ ಟಿಕೆಟಿನ ಗಲಾಟೆಯಲ್ಲಿ. ಆದರೆ ಉರಿದದ್ದು ಟಾಕೀಸಲ್ಲ, ದಲಿತರ ಗುಡಿಸಲು. ಊರಲ್ಲಿ ಮೊದಲಿನಿಂದಲೂ ಕ್ಷೌರದಂಗಡಿ, ಹೋಟೆಲಿನೊಳಗೆ ಬಿಟ್ಟುಕೊಳ್ಳುವ ತಕರಾರು ಇತ್ತು. ಟಾಕೀಸಿನಲ್ಲಿ ಹುಡುಗರು ಬಡಿದಾಡುವುದು ಒರಟುತನ, ಗಂಗಾವತಿಯಲ್ಲಿ ದಿನಾ ನಡೆಯುತ್ತದೆ. ಅದೇ ಜಗಳ ಎರಡು ಸರೀಕ ಮನೆತನಗಳ ನಡುವೆ ಆಗಿದ್ದರೆ ಎರಡು ತಲೆ ಒಡೆದು ಮುಗಿಯುತ್ತಿತ್ತು. ಇಲ್ಲಿ ಟಾಕೀಸಿಗೆ ಹೋಗದವರ ಮನೆಗೂ ಬೆಂಕಿ ಬಿತ್ತು.

ಹಿರಿಯ ವಕೀಲರೊಬ್ಬರು "ಸಣ್ಣ ಜಗಳ ದೊಡ್ಡದಾತು" ಅಂದರು. ಸಣ್ಣದು ದೊಡ್ಡದಾಗಲಿಲ್ಲ, ದೊಡ್ಡದು ಮೊದಲೇ ಇತ್ತು, ಸಣ್ಣ ನೆಪ ಸಿಕ್ಕಿತು ಅಂತ ಹೇಳಬೇಕೆನ್ನಿಸಿತು. ಹೇಳಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ.

27 ಅಕ್ಟೋಬರ್, ಭಾನುವಾರ

ಅಕ್ಕನ ಮಗ ಅಮೆರಿಕದ ಸಿಯಾಟಲ್‌ನಿಂದ ಫೋನ್ ಮಾಡಿದ್ದ. ಅಂಗಡಿಯಲ್ಲಿ ಬಿಲ್ ಮಾಡುವವಳು ಕಾರ್ಡನ್ನು ಕೌಂಟರಿನ ಮೇಲೆ ಒಗೆದಳಂತೆ, ಮುಖ ನೋಡಲಿಲ್ಲವಂತೆ. "ಮಾಮಾ, ಇದು ವರ್ಣಭೇದ ಅಲ್ಲದೆ ಮತ್ತೇನು?"

ನಿನ್ನ ಹಿಂದೆ ನಿಂತಿದ್ದ ಬಿಳಿಯನಿಗೆ ಏನು ಮಾಡಿದಳು ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. "ಅವಂದೂ ಒಗದ್ಳು." ಹಾಗಾದರೆ ಆಕೆಗೆ ಅವತ್ತು ಮೈಯಾಗ ಹುಷಾರಿರಲಿಲ್ಲ ಅಂದೆ. ಇಬ್ಬರೂ ನಕ್ಕೆವು. ಆದರೆ ಇನ್ನೊಂದೂ ಹೇಳಿದ: ಮ್ಯಾನೇಜರ್ ಬಹಳ ಒಳ್ಳೆಯವರು, ದಿನಾ ನಕ್ಕು ಮಾತಾಡಿಸುತ್ತಾರೆ, ಮೂರು ವರ್ಷದಿಂದ ಬಡ್ತಿಯ ಪಟ್ಟಿಯಲ್ಲಿ ಭಾರತದವರ ಹೆಸರು ಒಂದೂ ಬಂದಿಲ್ಲ. ಅದರ ಬಗ್ಗೆ ಅವನಿಗೆ ಅಷ್ಟೇನೂ ಸಿಟ್ಟಿರಲಿಲ್ಲ. ಕಾರ್ಡು ಒಗೆದದ್ದು ಕಣ್ಣಿಗೆ ಕಂಡಿತು, ಪಟ್ಟಿ ಕಾಣಲಿಲ್ಲ.

ನಿಮ್ಮ ಸಿಯಾಟಲ್ ನಗರಸಭೆಯೇ 2023ರ ಫೆಬ್ರುವರಿ 21ರಂದು ಜಾತಿ ತಾರತಮ್ಯ ನಿಷೇಧಿಸಿತಲ್ಲ, ಗೊತ್ತೇನು ಅಂದೆ. "ಅದು ನಮ್ಮವರನ್ನ ಸುಮ್ನ ಗುರಿ ಮಾಡಿದ್ದು ಮಾಮಾ" ಅಂದ. ಈಗ ಸುಮ್ಮನಿರುವ ಸರದಿ ನನ್ನದು. 2001ರಲ್ಲಿ ಡರ್ಬನ್‌ನ ವರ್ಣಭೇದ ವಿರೋಧಿ ಸಮ್ಮೇಳನದಲ್ಲಿ ನಮ್ಮ ಸರ್ಕಾರವೂ ಇದೇ ಧಾಟಿಯಲ್ಲಿ ವಾದಿಸಿತು: ಜಾತಿ ಬೇರೆ, ಜನಾಂಗ ಬೇರೆ, ಇದು ಇಲ್ಲಿ ಚರ್ಚೆಗೆ ಬೇಡ. ಮರುವರ್ಷ ವಿಶ್ವಸಂಸ್ಥೆಯ ಸಮಿತಿ, 1965ರ ಒಪ್ಪಂದದಲ್ಲಿರುವ "ವಂಶ" ಎಂಬ ಪದದಲ್ಲಿ ಜಾತಿಯೂ ಸೇರುತ್ತದೆ ಎಂದಿತು. ಜಾತಿ ಜನಾಂಗವಲ್ಲ ಎಂದು ಅಂಬೇಡ್ಕರರೇ 1936ರಲ್ಲಿ ವಾದಿಸಿದ್ದು ನಿಜ. ಅವರು ಹೇಳಿದ್ದು ಜಾತಿಗೆ ರಕ್ತದ ಆಧಾರವಿಲ್ಲ ಎಂದು. ಅದು ಜಾತಿಯನ್ನು ಕೆಡವಲು ಆಡಿದ ಮಾತು, ಬಚ್ಚಿಡಲು ಅಲ್ಲ.

2 ನವೆಂಬರ್, ಶನಿವಾರ. ಊರು

ಬಲಿಪಾಡ್ಯ. ಬೆಳಿಗ್ಗೆ ಈ ದಿನಚರಿ ಮೊದಲಿನಿಂದ ಓದಿದೆ. ಓದುತ್ತ ಹೋದಂತೆ ಮುಖ ಬಿಸಿಯಾಯಿತು.

ಹುಡುಗನನ್ನು ಜಾತಿ ಹಿಡಿದು ಬೈದ ನಲವತ್ತೈದರ ಯಜಮಾನರ ಬಗ್ಗೆ "ಬೈದರು", "ಅಂದರು" ಎಂದು ಬರೆದಿದ್ದೇನೆ. ಮೂವತ್ತು ವರ್ಷ ನಮ್ಮ ಹೊಲ ಉತ್ತ ಎಪ್ಪತ್ತೈದರ ಹಿರಿಯರ ಬಗ್ಗೆ "ಬಂದ", "ಇಟ್ಟ", "ಮುಟ್ಟಿದ". ಯಾರೂ ಓದದ ಪುಸ್ತಕದಲ್ಲಿ, ಸಿಟ್ಟಿಲ್ಲದೆ, ಪ್ರೀತಿಯಿಂದಲೇ ಬರೆದದ್ದು. ಅವ್ವನಿಗೂ ಏಕವಚನ ಬಳಸಿದ್ದೇನೆ, ಆದರೆ ಅವ್ವ ನನಗೂ "ಲೇ" ಅನ್ನುತ್ತಾಳೆ. ಅದು ಹೋಗಿ ಬರುವ ಏಕವಚನ. ಕಂಡಕ್ಟರ್ ಬಾಯಿ ಮಾಡಿದ, ಅವನ ಮೇಲೆ ಒಂದು ಪುಟ ಬರೆದೆ. ನನ್ನ ಕ್ರಿಯಾಪದ ಸುಮ್ಮನೆ ಕೂತು ತನ್ನ ಕೆಲಸ ಮಾಡಿತ್ತು.

ಮಧ್ಯಾಹ್ನ ಅವರು ಹಬ್ಬದ ಊಟಕ್ಕೆ ಬಂದರು. ಅವ್ವ ದನದ ಕೊಟ್ಟಿಗೆಯ ಗೂಡಿನಿಂದ ಅಲ್ಯುಮಿನಿಯಂ ತಾಟು ತೆಗೆಯಲು ಹೇಳಿದಳು. ಅದರ ಅಂಚಿನಲ್ಲಿ ಒಂದು ತೂತಿದೆ, ದಾರ ಕಟ್ಟಿ ಗೂಟಕ್ಕೆ ತೂಗುಹಾಕಲು. ನಾನು ಹುಟ್ಟಿದಾಗಿನಿಂದ ಅದು ಅಲ್ಲೇ ತೂಗುತ್ತಿದೆ. ಅವರೇ ತೊಳೆದು ಅವರೇ ತೂಗುಹಾಕುತ್ತಾರೆ.

ನಾನು ಒಳಗಿನಿಂದ ನಮ್ಮ ಸ್ಟೀಲಿನ ತಾಟು ತಂದೆ. "ಬರ್ರಿ, ಕಟ್ಟಿಮ್ಯಾಲ ಕುಂದರ್ರಿ" ಅಂದೆ.

ಅವರು ಹಿಂದೆ ತಿರುಗಿ ನೋಡಿದರು, ಯಾರು ಬಂದರೋ ಎಂದು.

ಯಾರೂ ಬಂದಿರಲಿಲ್ಲ. ನನ್ನ ಮುಖ ನೋಡಿ, "ನನಗ್ಯಾಕ್ರಿ ದಣೇರ ಹಿಂಗ ಅಂತೀರಿ, ಏನ್ ತಪ್ಪ ಮಾಡೀನಿ?" ಅಂದರು. ದನಿ ನಡುಗಿತು. ಕಟ್ಟೆಯ ಮೇಲೆ ಕೂರಲಿಲ್ಲ. ಮೆಟ್ಟಿಲ ಮೇಲೆ ಕೂತು ಉಂಡರು. ಅವ್ವ ಒಳಗೆ ಗೊಣಗಿದಳು: "ಪಾಪ, ಆ ಮುದುಕಗ ಯಾಕ ಕಾಡ್ತಿ?" ಐವತ್ತು ವರ್ಷ ಸುಳ್ಳು ನಡೆಸಿ ಒಂದು ಹಬ್ಬಕ್ಕೆ ಸರಿಮಾಡಲು ಹೋದರೆ ಹೀಗೇ ಆಗುತ್ತದೆ. ತಪ್ಪು ನನ್ನದು, ಹೆದರಿದವರು ಅವರು.

ಒರಟುತನಕ್ಕೆ ಒಂದು ಕ್ಷಮೆ ಸಾಕು, ಬನ್ನಿಯ ಎರಡೆಲೆ ಸಾಕು. ಇದಕ್ಕೆ ಕ್ಷಮೆ ಕೇಳಿದರೆ ಏನೂ ಆಗುವುದಿಲ್ಲ. ತಾಟು ಬದಲಾಗಬೇಕು, ಕೂರುವ ಜಾಗ ಬದಲಾಗಬೇಕು, ಅದು ದಿನಾ ಆಗಬೇಕು.

21 ನವೆಂಬರ್, ಗುರುವಾರ. ಸಿಂಧನೂರು

ಭತ್ತದ ಕೊಯ್ಲು. ರಸ್ತೆ ತುಂಬ ಕಟಾವು ಮಷಿನ್. ಮರಕುಂಬಿಯ ಶಿಕ್ಷಿತರಲ್ಲಿ ಬಹುಪಾಲು ಜನರಿಗೆ ಧಾರವಾಡ ಪೀಠದಲ್ಲಿ ಜಾಮೀನಾಗಿದೆ, ಮೇಲ್ಮನವಿ ನಡೆಯುತ್ತದೆ.

ಹುಡುಗನ ದೂರು ದಾಖಲಾಗಿದೆ, ಡಿವೈಎಸ್ಪಿ ತನಿಖೆ. ಆ ಎರಡು ಮಾತಿಗೆ ಮಾತ್ರ ದೌರ್ಜನ್ಯ ಕಾಯ್ದೆ ಹಾಕಿದೆವು, ಉಳಿದ ಹದಿನೈದಕ್ಕೆ 352. ಯಜಮಾನರು 1,800 ರೂಪಾಯಿ ಕೊಟ್ಟು ಕಳಿಸಿದ್ದರಂತೆ. ಹುಡುಗ ದುಡ್ಡು ತೆಗೆದುಕೊಂಡು ರಸೀದಿ ಬರೆದುಕೊಟ್ಟ, ದೂರು ವಾಪಸ್ ತೆಗೆಯಲಿಲ್ಲ. "ಬಾಡಿಗಿ ಬಾಡಿಗಿ, ಅದು ಅದು ಸರ" ಅಂದ. ಅಷ್ಟು ನೇರವಾಗಿ ಹೇಳಲು ನನಗೆ ಒಂದು ತಿಂಗಳ ಪುಟಗಳು ಬೇಕಾದವು.

ಹೋಟೆಲಿನವರ ಮೇಲೆ ದೂರು ಬೇಡ ಅಂದಿದ್ದ. ಊರಲ್ಲಿ ಇರುವುದು ಅದೊಂದೇ ಹೋಟೆಲು. ಆದರೆ ಪೊಲೀಸರು ಬಂದು ಹೋದ ಸುದ್ದಿಗೆ ಹೋಟೆಲಿನವರೇ ಹೆದರಿ ವ್ಯವಸ್ಥೆ ಬದಲಿಸಿದ್ದಾರೆ. ಇವತ್ತು ಪಂಚನಾಮೆಯ ವಿಷಯಕ್ಕೆ ಹೋದಾಗ ನೋಡಿದೆ. ಈಗ ಅಲ್ಲಿ ಎಲ್ಲರಿಗೂ ಕಾಗದದ ಕಪ್ಪು. ಗಾಜಿನ ಗಲಾಸುಗಳನ್ನು ಅಟ್ಟಕ್ಕೆ ಏರಿಸಿದ್ದಾರೆ.